ಫ್ಯಾನ್, ಕೂಲರ್, ಮೋಟಾರ್, ಕಾರು: ಸದ್ದಿನ ಮೂಲ ಹಿಡಿಯುವುದು ಹೇಗೆ

ರಾಯಚೂರು, ಬಳ್ಳಾರಿ ಕಡೆ ಮಾರ್ಚ್ ಬಂತೆಂದರೆ ಫ್ಯಾನು, ಕೂಲರಿಗೆ ಹಗಲೂ ರಾತ್ರಿ ಬಿಡುವಿಲ್ಲ. ಸದ್ದು ಶುರುವಾಗುವುದೂ ಆಗಲೇ. ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಒಂದು ಪರೀಕ್ಷೆ ಮಾಡಿ: ಜೋರಾಗಿ ತಿರುಗುತ್ತಿರುವಾಗ ಸ್ವಿಚ್ ಆರಿಸಿ, ರೆಕ್ಕೆ ತಾನಾಗಿ ನಿಲ್ಲುವ ತನಕ ಕಿವಿಗೊಡಿ. ಆರಿಸಿದ ಕ್ಷಣವೇ ಸದ್ದು ನಿಂತರೆ ತೊಂದರೆ ಕರೆಂಟಿನ ಕಡೆಯದು. ರೆಕ್ಕೆ ತಿರುಗುವಷ್ಟು ಹೊತ್ತೂ ಇದ್ದರೆ ಬೇರಿಂಗ್, ಬುಷ್ (ದಂಡ ತಿರುಗುವ ಲೋಹದ ಬಳೆ), ಸ್ಕ್ರೂಗಳಲ್ಲಿ ಹುಡುಕಿ.

ಸೀಲಿಂಗ್ ಫ್ಯಾನ್ ಗುಂಯ್ ಎನ್ನುತ್ತಿದ್ದರೆ ರೆಗ್ಯುಲೇಟರನ್ನು ಫುಲ್ ಇಡಿ. ಫುಲ್‌ನಲ್ಲಿ ಸದ್ದು ಹೋಗಿ, 2-3ಕ್ಕೆ ಇಳಿಸಿದಾಗ ಮತ್ತೆ ಬಂದರೆ ಫ್ಯಾನಿನದು ತಪ್ಪಿಲ್ಲ. ಗುಬುಟು ತಿರುಗಿಸುವ ಹಳೆಯ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕರೆಂಟಿನ ಅಲೆಯನ್ನು ಕತ್ತರಿಸಿ ವೇಗ ಇಳಿಸುತ್ತದೆ, ಮೋಟಾರಿನ ತಂತಿ ಸುರುಳಿ, ಅಂದರೆ ವೈಂಡಿಂಗ್, ಅದಕ್ಕೇ ಗುಂಯ್‌ಗುಡುತ್ತದೆ. ಸ್ಟೆಪ್ ಇರುವ ಕೆಪಾಸಿಟರ್ ರೆಗ್ಯುಲೇಟರ್ ಹಾಕಿಸಿ. ಫುಲ್‌ನಲ್ಲೂ ನಿಧಾನವಾಗಿ ತಿರುಗುತ್ತಿದ್ದರೆ ಹೆಚ್ಚಾಗಿ ಫ್ಯಾನಿನೊಳಗಿನ ಕೆಪಾಸಿಟರ್ (ಮೋಟಾರು ತಿರುಗಲು ನೆರವಾಗುವ, ಕರೆಂಟು ಹಿಡಿದಿಡುವ ಪುಟ್ಟ ಡಬ್ಬಿ) ಸೋತಿರುತ್ತದೆ. ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್ ಇರುತ್ತದೆ. ಹಳೆಯದರ ಮೇಲಿನ ಅಂಕಿ ನೋಡಿ ಅದನ್ನೇ ತನ್ನಿ. ಗಾಳಿ ಜಾಸ್ತಿ ಬರಲೆಂದು ದೊಡ್ಡದು ಹಾಕುವವರಿದ್ದಾರೆ, ವೈಂಡಿಂಗ್ ಕಾದು ಸುಡುತ್ತದೆ.

ಗರಗರ ಎಂದರೆ ಬೇರಿಂಗ್. ಹಲವು ಫ್ಯಾನುಗಳಲ್ಲಿ 6201, 6202 ಇರುತ್ತವೆ. ನಂಬರ್ ಬೇರಿಂಗ್ ಮೇಲೆಯೇ ಕೊರೆದಿರುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸಿ. ಮೇಲಿಂದ ಎಣ್ಣೆ ಬಿಡುವುದು ವ್ಯರ್ಥ: ಮುಚ್ಚಿದ ಬೇರಿಂಗಿನೊಳಗೆ ಎಣ್ಣೆ ಇಳಿಯುವುದಿಲ್ಲ, ಧೂಳು ಮಾತ್ರ ಅಂಟುತ್ತದೆ. ಸುತ್ತಿಗೊಂದು ಟಕ್ ಬಂದರೆ ರೆಕ್ಕೆಯ ಸ್ಕ್ರೂ ಬಿಗಿ ಮಾಡಿ, ರಾಡಿನ ಬೋಲ್ಟು, ಪಿನ್ನು ನೋಡಿ. ಇದಕ್ಕೆಲ್ಲ ಸ್ವಿಚ್ ಆರಿಸಿದರೆ ಸಾಲದು, ಆ ಲೈನಿನ ಕರೆಂಟು ಕಡಿಯುವ ಎಂಸಿಬಿಯನ್ನೇ ಇಳಿಸಿ.

ಕೂಲರಿನಲ್ಲಿ ಮೊದಲು ಸಂಶಯಪಡಬೇಕಾದದ್ದು ನೀರಿನ ಪುಟ್ಟ ಪಂಪು. ಸವಳು ಬೋರ್ ನೀರು ಅದರೊಳಗೆ ನೀರು ತಳ್ಳುವ ಪುಟ್ಟ ಚಕ್ರದ (ಇಂಪೆಲ್ಲರ್) ಮೇಲೆ ಬಿಳಿ ಪದರ ಕಟ್ಟಿಸುತ್ತದೆ. ಪಂಪು ಗುಂಯ್‌ಗುಡುತ್ತದೆ, ನೀರು ಏರುವುದಿಲ್ಲ. ಪ್ಲಗ್ ಕಿತ್ತು, ಪಂಪಿನ ಮುಂದಿನ ಮುಚ್ಚಳ ತೆಗೆದು, ಇಂಪೆಲ್ಲರನ್ನು ಒಂದು ಗಂಟೆ ವಿನೆಗರ್‌ನಲ್ಲಿ ನೆನೆಸಿ, ಹಳೆಯ ಬ್ರಷ್ಷಿನಿಂದ ಉಜ್ಜಿ. ನೀರು ತಳಕ್ಕೆ ಇಳಿದಾಗ ಮಾತ್ರ ಕರಕರ ಎಂದರೆ ಪಂಪು ಗಾಳಿ ಎಳೆಯುತ್ತಿದೆ. ತೊಟ್ಟಿ ತುಂಬಿಸಿ ಅಷ್ಟೇ.

ಸಂಪಿನ ಮೋಟಾರು ಗುಂಯ್ ಎಂದು ತಿರುಗದಿದ್ದರೆ ಕೂಡಲೇ ಆರಿಸಿ. ಹಾಗೇ ಬಿಟ್ಟರೆ ವೈಂಡಿಂಗ್ ಸುಡಲು ಹೆಚ್ಚು ಹೊತ್ತು ಬೇಡ. ಮೇನ್ ಇಳಿಸಿ, ಹಿಂದಿನ ಮುಚ್ಚಳ ತೆಗೆದು, ಅಲ್ಲಿನ ಫ್ಯಾನನ್ನು ಕೈಯಿಂದ ತಿರುಗಿಸಿ. ಸಲೀಸಾಗಿ ತಿರುಗಿದರೆ ಕೆಪಾಸಿಟರ್ ಹೋಗಿದೆ ಅಥವಾ ವೋಲ್ಟೇಜ್ ತೀರಾ ಕಡಿಮೆ ಇದೆ. ಬಿಗಿಯಾಗಿದ್ದರೆ ತುಕ್ಕು ಹಿಡಿದು ಜಾಮ್ ಆಗಿದೆ. ಕೆಪಾಸಿಟರ್ ಕರೆಂಟು ಇಲ್ಲದಾಗಲೂ ಹೊಡೆಯುತ್ತದೆ, ಅದರ ಕಾಲುಗಳನ್ನು ಮುಟ್ಟಬೇಡಿ. ಓಡುವಾಗ ಒಳಗೆ ಜಲ್ಲಿ ಉರುಳಿದಂತೆ ಕೇಳಿದರೆ ನೀರು ಸಾಲದೆ ಗುಳ್ಳೆ ಒಡೆಯುತ್ತಿದೆ: ಸಂಪಿನೊಳಗಿನ ಪೈಪಿನ ತುದಿಯ ಫುಟ್‌ವಾಲ್ವ್ ಜಾಲರಿ ಕಟ್ಟಿರುತ್ತದೆ, ಇಲ್ಲವೇ ಎಳೆಯುವ ಪೈಪಿನ ಜಾಯಿಂಟ್ ಗಾಳಿ ಕುಡಿಯುತ್ತಿದೆ.

ಸ್ವಿಚ್‌ಬೋರ್ಡ್ ಚಟಪಟ ಎಂದರೆ ಮೂಲ ಹುಡುಕುತ್ತ ಕೂರಬೇಡಿ. ಸಡಿಲ ವೈರು ಕಿಡಿ ಹಾರಿಸುತ್ತಿದೆ. ಮೇನ್ ಇಳಿಸಿ ಎಲೆಕ್ಟ್ರಿಷಿಯನ್ ಕರೆಸಿ.

ಕಾರಿಗೂ ಇಂಥದ್ದೇ ಒಂದು ಪರೀಕ್ಷೆ ಇದೆ. ನಿಂತಲ್ಲೇ ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿ. ಸದ್ದು ಏರಿದರೆ ಇಂಜಿನ್, ಬೆಲ್ಟ್ ಕಡೆಯದು. ಓಡುವಾಗ ಮಾತ್ರ ಬಂದರೆ ಚಕ್ರ, ಬ್ರೇಕ್, ಆಕ್ಸಲ್ ಕಡೆಯದು. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಹೊರಟಾಗ ಟಕಟಕ ಎಂದರೆ ಸಿವಿ ಜಾಯಿಂಟ್, ಅಂದರೆ ಆಕ್ಸಲನ್ನು ಚಕ್ರಕ್ಕೆ ಜೋಡಿಸುವ ಬಾಗುವ ಕೀಲು. ಅದರ ರಬ್ಬರ್ ಬೂಟ್ ಹರಿದಿದೆಯೇ ನೋಡಿ. ವೇಗದೊಂದಿಗೆ ಏರುವ ಹೂಂಕಾರ ಬಲಕ್ಕೆ ತಿರುಗುವಾಗ ಜೋರಾದರೆ ಎಡ ಚಕ್ರದ ಬೇರಿಂಗ್ ಮೇಲೆ ಅನುಮಾನ, ಏಕೆಂದರೆ ಭಾರ ಆ ಕಡೆ ವಾಲುತ್ತದೆ. ಎಡಕ್ಕೆ ತಿರುಗಿದಾಗ ಜೋರಾದರೆ ಬಲದ್ದು.

ಸಂಡೂರು ಕಡೆ ಅದಿರು ಲಾರಿಗಳ ರಸ್ತೆಯಲ್ಲಿ ಓಡಿಸಿದ ಮೇಲೆ ಚಕ್ರದಿಂದ ದಿಢೀರನೆ ಕಿರ್ರ್ ಎಂಬ ಲೋಹದ ಕೆರೆತ ಬಂದರೆ, ಬ್ರೇಕ್ ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ನಡುವೆ ಕಲ್ಲು ಸಿಕ್ಕಿರಬಹುದು. ಬಯಲು ಜಾಗದಲ್ಲಿ ನಾಲ್ಕಾರು ಸಲ ಹಿಂದೆ-ಮುಂದೆ ಓಡಿಸಿದರೆ ಎಷ್ಟೋ ಸಲ ಉದುರುತ್ತದೆ. ಉದುರದಿದ್ದರೆ ಚಕ್ರ ಬಿಚ್ಚಿಸಿ. ಬ್ರೇಕ್ ಪ್ಯಾಡ್ 3 ಮಿಲಿಮೀಟರಿಗೆ ಇಳಿದಿದ್ದರೆ ಆಗಲೇ ಹೊಸದು ಹಾಕಿಸಿ, ಎರಡೂ ಬದಿಗೆ.