ಹಿಂದಿನ ಬ್ರೇಕ್ ಪ್ಯಾಡು, ಡಿಸ್ಕು ಬೇಗ ಬೇಗ ಮುಗೀತಾ ಉಂಟಾ? ಹೊಸತು ಹಾಕ್ಸುವ ಮೊದಲು ಇಷ್ಟು ನೋಡಿ

ಕಳೆದ ಮಳೆಗಾಲಕ್ಕೆ ಸ್ವಲ್ಪ ಮೊದಲು ನನ್ನ ಸೆಡಾನಿನ ಹಿಂದಿನ ಎಡಗಡೆ ಚಕ್ರದಿಂದ ಕರ್ರ್ ಅಂತ ಸೌಂಡ್ ಬರ್ಲಿಕ್ಕೆ ಶುರುವಾಯ್ತು, ಬಿಚ್ಚಿ ನೋಡಿದ್ರೆ ಪ್ಯಾಡ್ ಪೂರ್ತಿ ಸವೆದು ಅದರ ಕಬ್ಬಿಣದ ಪ್ಲೇಟೇ ಡಿಸ್ಕಿಗೆ ಉಜ್ತಾ ಇತ್ತು, ಡಿಸ್ಕಿನಲ್ಲಿ ಉಗುರು ಸಿಕ್ಕಿ ನಿಲ್ಲುವಷ್ಟು ಗೀರು. ಆ ಪ್ಯಾಡು ಡಿಸ್ಕು ಎರಡೂ ಹೊಸತು ಹಾಕ್ಸಿ 14 ಸಾವಿರ ಕಿಲೋಮೀಟರ್ ಸಹ ಆಗಿರ್ಲಿಲ್ಲ ಮಾರಾಯ್ರೆ. ಅದಕ್ಕಿಂತ ಹಿಂದಿನ ಸೆಟ್ ಹೋದದ್ದೂ ಹೀಗೇ. ಆಗ ನಾನು ಪ್ಯಾಡಿಗೇ ಬೈದಿದ್ದೆ, ಡೂಪ್ಲಿಕೇಟ್ ಹಾಕಿದ್ದಾರೆ ಅಂತ. ಈ ಸಲ ಕೂತು ಸರಿಯಾಗಿ ನೋಡಿದ ಮೇಲೆ ಗೊತ್ತಾಯ್ತು, ಪ್ಯಾಡಿನದ್ದು ತಪ್ಪೇ ಇಲ್ಲ, ಅರ್ಧ ತಪ್ಪು ನನ್ನದೇ. ಅದನ್ನು ಕೆಳಗೆ ಹೇಳ್ತೇನೆ.

ಮೊದಲು ನಿಮ್ಮದು ನಿಜವಾಗಿ ಬೇಗ ಸವೆದದ್ದಾ ಅಂತ ನೋಡ್ಕೊಳ್ಳಿ. ಡಿಜೈರ್ ತರದ ಸಣ್ಣ ಸೆಡಾನ್‌ಗಳಿಗೆ ಹಿಂದೆ ಡಿಸ್ಕ್ ಬದಲು ಡ್ರಮ್ ಬ್ರೇಕ್, ಅವರಿಗೆ ಈ ರಗಳೆ ಬೇಡ. ಆಕ್ಟೇವಿಯಾ, ಕೊರೊಲ್ಲಾ ಆಲ್ಟಿಸ್, ಸಿಟಿ ಹೈಬ್ರಿಡ್, ಇಂಥದ್ದಕ್ಕೆ ನಾಲ್ಕೂ ಕಡೆ ಡಿಸ್ಕ್. ಹಳೆ ಕಾಲದ ಲೆಕ್ಕ ಎಂತ ಅಂದ್ರೆ ಮುಂದಿನ ಪ್ಯಾಡ್ ಎರಡು ಸಲ ಹೋದಾಗ ಹಿಂದಿನದ್ದು ಒಂದು ಸಲ ಹೋಗ್ತದೆ ಅಂತ, ಯಾಕಂದ್ರೆ ಬ್ರೇಕ್ ಒತ್ತಿದಾಗ ಭಾರ ಎಲ್ಲ ಮುಂದಕ್ಕೆ ಬೀಳ್ತದೆ. ಆದ್ರೆ ಈಗಿನ ಕಾರುಗಳಲ್ಲಿ ಇಬಿಡಿ ಅಂತ ಉಂಟಲ್ಲ, ಯಾವ ಚಕ್ರಕ್ಕೆ ಎಷ್ಟು ಬ್ರೇಕ್ ಅಂತ ಅದೇ ಹಂಚುದು. ಮೆಲ್ಲ ಒತ್ತಿದಾಗ ಕಾರಿನ ಮೂತಿ ಕೆಳಗೆ ಬಗ್ಗದ ಹಾಗೆ ಹಿಂದಿನ ಬ್ರೇಕಿಗೆ ಸ್ವಲ್ಪ ಜಾಸ್ತಿ ಕೆಲಸ ಕೊಡ್ತದೆ. ಹಿಂದಿನ ಪ್ಯಾಡ್ ಮೊದಲೇ ಸಣ್ಣದು, ಡಿಸ್ಕೂ ತೆಳು. ಹಾಗಾಗಿ ಮುಂದಿನದ್ದಕ್ಕಿಂತ ಮೊದಲು ಹಿಂದಿನದ್ದು ಮುಗೀತು ಅಂದ ಕೂಡ್ಲೇ ಅದು ರೋಗ ಅಲ್ಲ. ಎಡ ಬಲ ಎರಡೂ ಒಂದೇ ಸಮ ಸವೆದು, 30-40 ಸಾವಿರ ಕಿಲೋಮೀಟರ್ ಟ್ರಾಫಿಕ್‌ನಲ್ಲಿ ಓಡಿದ್ರೆ ಸುಮ್ಮನೆ ಪ್ಯಾಡ್ ಹಾಕ್ಸಿ ಹೋಗ್ತಾ ಇರಿ.

ಒಂದೇ ಸಮ ಇಲ್ಲದಿದ್ರೆ ಅಲ್ಲಿಂದ ಪತ್ತೇದಾರಿ ಶುರು. ಅದಕ್ಕೆ ಬೇಕಾದದ್ದು ಹಳೆ ಪ್ಯಾಡ್. ಗ್ಯಾರೇಜಿನವರಿಗೆ ಮೊದಲೇ ಹೇಳಿ, ನಾಲ್ಕೂ ಪ್ಯಾಡ್ ಬಿಸಾಡ್ಬೇಡಿ, ಎಡ ಒಳಗೆ, ಎಡ ಹೊರಗೆ, ಬಲ ಒಳಗೆ, ಬಲ ಹೊರಗೆ ಅಂತ ಮಾರ್ಕರಿನಲ್ಲಿ ಬರ್ದು ಕೊಡಿ ಅಂತ. ಅವರು ಒಂದು ಥರ ನೋಡ್ತಾರೆ, ನೋಡ್ಲಿ.

ಒಂದು ಕಡೆಯ ಎರಡೂ ಪ್ಯಾಡ್ ಮುಗಿದು ಇನ್ನೊಂದು ಕಡೆ ಅರ್ಧ ಉಳಿದಿದ್ರೆ ಆ ಕಡೆಯ ಬ್ರೇಕ್ ಬಿಡ್ತಾ ಇಲ್ಲ, ಅಂದ್ರೆ ತೊಂದರೆ ಇರುದು ಹ್ಯಾಂಡ್ ಬ್ರೇಕ್ ಕೇಬಲ್, ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಅಥವಾ ಹೋಸ್ (ಅದಕ್ಕೆ ಬ್ರೇಕ್ ಆಯಿಲ್ ತರುವ ರಬ್ಬರ್ ಪೈಪು). ಒಂದೇ ಚಕ್ರದಲ್ಲಿ ಒಳಗಿನದ್ದು ಮುಗಿದು ಹೊರಗಿನದ್ದು ದಪ್ಪ ಇದ್ರೆ ಹೆಚ್ಚಾಗಿ ಸ್ಲೈಡ್ ಪಿನ್ ಜಾಮ್. ಇದು ಯಾಕೆ ಅಂದ್ರೆ ಪಿಸ್ಟನ್ ಇರುದು ಒಳಗಿನ ಕಡೆ ಮಾತ್ರ, ಅದು ಒಳಗಿನ ಪ್ಯಾಡನ್ನು ದೂಡ್ತದೆ, ಆಮೇಲೆ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರಿ ಬಂದು ಹೊರಗಿನ ಪ್ಯಾಡನ್ನು ಎಳ್ಕೊಳ್ತದೆ, ಪಿನ್ ಹಿಡ್ಕೊಂಡ್ರೆ ಜಾರುದೇ ಇಲ್ಲ, ದುಡಿಯುದೆಲ್ಲ ಒಳಗಿನದ್ದೇ. ಪಿಸ್ಟನ್ ವಾಪಸ್ ಹೋಗದೆ ನಿಂತ್ರೂ ಒಳಗಿನದ್ದೇ ಹೋಗ್ತದೆ. ಇನ್ನು ಒಂದು ತುದಿ ದಪ್ಪ ಒಂದು ತುದಿ ತೆಳು, ಬಾಗಿಲಿಗೆ ಕೊಡುವ ಆಪಿನ (ಬೆಣೆಯ) ಹಾಗೆ ಸವೆದಿದ್ರೆ ಎರಡರಲ್ಲಿ ಒಂದು ಪಿನ್ ಮಾತ್ರ ಹಿಡಿದಿದೆ, ಇಲ್ಲ ಪ್ಯಾಡಿನ ಕಿವಿ ಅದು ಕೂರುವ ಬ್ರಾಕೆಟಿನ ತುಕ್ಕಿನಲ್ಲಿ ಸಿಕ್ಕಿಕೊಂಡಿದೆ.

ಬಿಚ್ಚದೆ ನೋಡ್ಲಿಕ್ಕೂ ದಾರಿ ಉಂಟು. ಹತ್ತಿಪ್ಪತ್ತು ನಿಮಿಷ ಹೈವೇಯಲ್ಲಿ ಆದಷ್ಟು ಬ್ರೇಕ್ ಒತ್ತದೆ ಓಡ್ಸಿ, ಮೆಲ್ಲ ನಿಲ್ಸಿ, ಎರಡೂ ಹಿಂದಿನ ಚಕ್ರದ ಹತ್ತಿರ ಕೈ ಹಿಡೀರಿ. ಡಿಸ್ಕ್ ಮುಟ್ಟಬೇಡಿ, ಸುಟ್ಟೀತು! ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಕೈ ಹತ್ತಿರ ಕೊಂಡೋಗ್ಲಿಕ್ಕೆ ಆಗುದಿಲ್ಲ ಅಂದ್ರೆ ಕಳ್ಳ ಸಿಕ್ಕಿದ. ಆಮೇಲೆ ಸಮತಟ್ಟು ಜಾಗದಲ್ಲಿ ಮುಂದಿನ ಚಕ್ರಕ್ಕೆ ಎರಡೂ ಬದಿ ಕಲ್ಲು ಕೊಟ್ಟು (ಹ್ಯಾಂಡ್ ಬ್ರೇಕ್ ಬಿಡ್ಬೇಕಲ್ಲ, ಹಾಗಾಗಿ ಕಲ್ಲು ಮರೀಬೇಡಿ), ಜಾಕ್ ಕೊಟ್ಟು ಎತ್ತಿ, ಕೆಳಗೆ ಸ್ಟ್ಯಾಂಡ್ ಇಟ್ಟು, ಹಿಂದಿನ ಚಕ್ರ ಕೈಯಲ್ಲಿ ತಿರುಗ್ಸಿ. ಫ್ರಂಟ್ ವೀಲ್ ಡ್ರೈವ್ ಕಾರಾದ್ರೆ ಅದು ಆರಾಮಾಗಿ ಒಂದು ಸುತ್ತಾದ್ರೂ ತನ್ನಷ್ಟಕ್ಕೆ ತಿರುಗ್ಬೇಕು, ಸಣ್ಣಕ್ಕೆ ಸರ್ ಸರ್ ಅಂದ್ರೆ ಅಡ್ಡಿ ಇಲ್ಲ. ದೂಡಿದಲ್ಲೇ ನಿಂತ್ರೆ ಅಡ್ಡಿ ಉಂಟು.

ಈಗ ನನ್ನ ಕಥೆ. ಒಂದ್ಸಲ ಶಿರಾಡಿ ಘಾಟಿಯಲ್ಲಿ ಬ್ಲಾಕ್ ಆಗಿ ಏರಿನಲ್ಲಿ ನಿಂತಾಗ ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದ್ರೂ ಕಾರು ಹಿಂದಕ್ಕೆ ಜಾರಿತ್ತು, ಹಿಂದೆ ಟ್ಯಾಂಕರ್, ಹೆಂಡತಿ ಮಕ್ಕಳು ಒಳಗೆ, ಜೀವ ಬಾಯಿಗೆ ಬಂದಿತ್ತು. ಊರಿಗೆ ಬಂದವನೇ ಗ್ಯಾರೇಜಿಗೆ ಹೋಗಿ "ಅಣ್ಣ, ಹ್ಯಾಂಡ್ ಬ್ರೇಕ್ ಒಳ್ಳೆ ಟೈಟ್ ಮಾಡಿ ಕೊಡಿ" ಅಂದೆ. ಅವರು ಒಳಗೆ ಕೈಯಲ್ಲಿ ಎಳೆಯುವ ಲಿವರಿನ ಬುಡದ ಕೇಬಲ್ ನಟ್ಟು ಟೈಟ್ ಮಾಡಿ ಕೊಟ್ರು, ಮೂರೇ ಕಿಟಕ್‌ಗೆ ಹಿಡೀತಾ ಇತ್ತು, ನನಗೆ ಖುಷಿ. ಆ ಖುಷಿಯೇ ಎರಡು ಸೆಟ್ ಪ್ಯಾಡ್ ತಿಂದದ್ದು.

ಯಾಕಂದ್ರೆ ಇಂಥ ಕಾರಲ್ಲಿ ಹೆಚ್ಚಾಗಿ ಹ್ಯಾಂಡ್ ಬ್ರೇಕ್ ಕೇಬಲ್ ಹೋಗಿ ಕ್ಯಾಲಿಪರಿನ ಹಿಂದಿನ ಒಂದು ಸಣ್ಣ ಲಿವರ್ ಎಳೀತದೆ, ಬಿಟ್ಟಾಗ ಆ ಲಿವರ್ ವಾಪಸ್ ಬಂದು ತನ್ನ ಸ್ಟಾಪಿಗೆ ತಾಗಿ ಕೂರ್ಬೇಕು. ಪ್ಯಾಡ್ ಸವೆದ ಹಾಗೆ ಅಡ್ಜಸ್ಟ್ ಆಗುದು ಕ್ಯಾಲಿಪರಿನ ಒಳಗೆ ತನ್ನಷ್ಟಕ್ಕೆ, ಕೇಬಲಿನ ನಟ್ಟು ಇರುದು ಕೇಬಲಿನ ಸಡಿಲು ತೆಗೀಲಿಕ್ಕೆ ಮಾತ್ರ. ನನ್ನದ್ರಲ್ಲಿ ಎಡಗಡೆ ಲಿವರಿನ ಬುಡದ ರಬ್ಬರ್ ಸೀಲ್ ಒಡೆದು ನೀರು ಹೋಗಿ ತುಕ್ಕು ಹಿಡಿದಿತ್ತು, ಕಡಲ ಬದಿ ಊರಲ್ಲಿ ಇದು ಬೇರೆ ಹೇಳ್ಬೇಕಾ. ಹ್ಯಾಂಡ್ ಬ್ರೇಕ್ ಹಿಡಿಯದ್ದಕ್ಕೆ ಕಾರಣ ಅದು, ನಾವು ಅದನ್ನು ಬಿಟ್ಟು ಕೇಬಲ್ ಎಳೆದು ಕಟ್ಟಿದೆವು, ಲಿವರ್ ಸ್ಟಾಪಿಗೆ ಬರ್ಲೇ ಇಲ್ಲ, ಪ್ಯಾಡ್ ದಿನಾ ಡಿಸ್ಕಿಗೆ ಒರಗಿಕೊಂಡೇ ಇತ್ತು.

ನೋಡುದು ಸುಲಭ, ಒಬ್ಬರು ಒಳಗೆ ಕೂತು ಹ್ಯಾಂಡ್ ಬ್ರೇಕ್ ಎಳೆದು ಬಿಡ್ಬೇಕು, ಇನ್ನೊಬ್ಬರು ಟಾರ್ಚ್ ಹಿಡಿದು ಆ ಲಿವರ್ ನೋಡ್ಬೇಕು, ಎರಡೂ ಕಡೆ ಟಪ್ ಅಂತ ಸ್ಟಾಪಿಗೆ ಬಂದು ಕೂತ್ರೆ ಸರಿ. ಬರದಿದ್ರೆ ಕೇಬಲ್ ಕಳಚಿ ಲಿವರನ್ನು ಕೈಯಲ್ಲಿ ಆಡ್ಸಿ, ಆಗ್ಲೂ ಬಿಗಿ ಇದ್ರೆ ಕ್ಯಾಲಿಪರ್ ರೋಗ, ಆರಾಮ ಆಡಿದ್ರೆ ಕೇಬಲ್ ರೋಗ. ತುಕ್ಕು ಬಿಡ್ಸುವ ಸ್ಪ್ರೇ ಹೊಡೆದ್ರೆ ಒಂದೆರಡು ತಿಂಗಳು ಸರಿ ಇರ್ತದೆ, ಮತ್ತೆ ಅದೇ. ನಾನು ಕೊನೆಗೆ ಕ್ಯಾಲಿಪರ್ ಬದಲಾಯ್ಸಿದೆ. ಕೆಲವು ಕಾರಲ್ಲಿ ಡಿಸ್ಕಿನ ಹೊಟ್ಟೆಯ ಒಳಗೆ ಹ್ಯಾಂಡ್ ಬ್ರೇಕಿಗೇ ಬೇರೆ ಸಣ್ಣ ಡ್ರಮ್ ಇರ್ತದೆ, ಅಂಥದ್ರಲ್ಲಿ ಕೇಬಲ್ ಟೈಟ್ ಆದ್ರೆ ಚಕ್ರ ಬಿಸಿ ಆಗ್ತದೆ ಆದ್ರೆ ಪ್ಯಾಡ್ ಸವೆಯುದಿಲ್ಲ.

ಹೋಸಿನ ಅನುಮಾನ ಇದ್ರೆ, ಚಕ್ರ ಹಿಡ್ಕೊಂಡಿರುವಾಗ್ಲೇ ಬ್ಲೀಡರ್ ನಿಪ್ಪಲ್ (ಕ್ಯಾಲಿಪರಿನಿಂದ ಆಯಿಲ್ ಹೊರಗೆ ಬಿಡುವ ಸ್ಕ್ರೂ) ಸ್ವಲ್ಪ ಲೂಸ್ ಮಾಡಿ. ಫಸ್ ಅಂತ ಆಯಿಲ್ ಬಂದು ಚಕ್ರ ಬಿಟ್ರೆ ಪ್ರೆಶರ್ ಒಳಗೆ ಸಿಕ್ಕಿಬಿದ್ದಿತ್ತು ಅಂತ ಅರ್ಥ, ಹೋಸ್ ಒಳಗಿಂದ ಊದಿ ಮುಚ್ಚಿರ್ಬಹುದು. ಬಿಡದಿದ್ರೆ ಹೋಸ್ ಅಲ್ಲ, ಪಿನ್ನೋ ಪಿಸ್ಟನ್ನೋ ಕೇಬಲ್ಲೋ.

ಹೊಸತು ಹಾಕುವಾಗ ಜನ ಎಡವುದು ಎರಡು ಮೂರು ಕಡೆ. ಕ್ಯಾಲಿಪರಿನಲ್ಲೇ ಹ್ಯಾಂಡ್ ಬ್ರೇಕ್ ಲಿವರ್ ಇದ್ರೆ, ಹಿಂದಿನ ಪಿಸ್ಟನ್ನನ್ನು ಮುಂದಿನದ್ದರ ಹಾಗೆ ಕ್ಲಾಂಪ್ ಇಟ್ಟು ಒತ್ತಿದ್ರೆ ಒಳಗಿನ ಅಡ್ಜಸ್ಟರ್ ಹಾಳು, ಅದನ್ನು ತಿರುಗ್ಸಿ ಒಳಗೆ ಕಳಿಸ್ಬೇಕು, ಅದಕ್ಕೆ ಬೇರೆ ಟೂಲ್ ಬರ್ತದೆ. ಕೆಲವು ಕಾರಲ್ಲಿ ಎಡಕ್ಕೆ ಒಂದು ದಿಕ್ಕು ಬಲಕ್ಕೆ ಇನ್ನೊಂದು ದಿಕ್ಕು. ಸ್ವಿಚ್ ಒತ್ತುವ ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕ್ ಇದ್ರೆ ಮೊದಲು ಸರ್ವಿಸ್ ಮೋಡಿಗೆ ಹಾಕ್ಬೇಕು, ಸ್ಕ್ಯಾನರ್ ಇಲ್ಲದ ಗ್ಯಾರೇಜಿಗೆ ಕೊಡ್ಲೇಬೇಡಿ. ಪಿಸ್ಟನ್ ಒಳಗೆ ಹೋದ ಹಾಗೆ ಮೇಲೆ ಬ್ರೇಕ್ ಆಯಿಲ್ ಡಬ್ಬಿ ತುಂಬಿ ಚೆಲ್ತದೆ, ಪೇಂಟಿಗೆ ಬಿದ್ರೆ ಪೇಂಟ್ ಕಿತ್ತು ಬರ್ತದೆ, ಒಂದು ಕಣ್ಣು ಅಲ್ಲಿರ್ಲಿ.

ಎರಡನೇದು ಗ್ರೀಸ್. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸನ್ನು ಸ್ಲೈಡ್ ಪಿನ್ನಿಗೂ ಬಳಿದ್ರೆ ಅದರ ಆಯಿಲಿಗೆ ರಬ್ಬರ್ ಊದಿಕೊಂಡು ಮತ್ತೆ ಪಿನ್ ಜಾಮ್. ಪಿನ್ ಹೊರಗೆ ತೆಗೆದು ಒರೆಸಿ, ತೂತಿನ ಒಳಗೂ ಕ್ಲೀನ್ ಮಾಡಿ, ಬ್ರೇಕಿಗೆ ಅಂತಲೇ ಬರುವ ಸಿಲಿಕಾನ್ ಗ್ರೀಸ್ ತೆಳ್ಳಗೆ ಹಾಕಿ. ಬೆರಳಲ್ಲಿ ಒತ್ತಿದ್ರೆ ಪಿನ್ ಒಳಗೆ ಹೊರಗೆ ಜಾರ್ಬೇಕು. ಬ್ರಾಕೆಟಿನ ಕ್ಲಿಪ್ ತೆಗೆದು ಅದರ ಅಡಿಯ ತುಕ್ಕನ್ನು ವೈರ್ ಬ್ರಷಿನಲ್ಲಿ ತಿಕ್ಕಿ, ಈ ಕೆಲಸ ಯಾರೂ ಮಾಡುದಿಲ್ಲ, ಕೇಳಿ ಮಾಡ್ಸಿ. ಗಾಳಿ ಹೊಡೆದು ಧೂಳು ಹಾರಿಸ್ಬೇಡಿ, ಬ್ರೇಕ್ ಧೂಳು ಶ್ವಾಸಕ್ಕೆ ಒಳ್ಳೇದಲ್ಲ.

ಡಿಸ್ಕ್ ಇಟ್ಕೊಳ್ಳುದಾ ಬಿಡುದಾ ಅನ್ನುದು ದಪ್ಪದ ಲೆಕ್ಕ. ಕನಿಷ್ಠ ದಪ್ಪ ಎಷ್ಟು ಅಂತ ಡಿಸ್ಕಿನ ಮೇಲೇ ಒತ್ತಿರ್ತಾರೆ, ಹಿಂದಿನ ಡಿಸ್ಕ್ ಹೊಸದಿದ್ದಾಗ 9-10 ಮಿಲಿಮೀಟರ್ ಇದ್ರೆ 8ರ ಆಸುಪಾಸಿಗೆ ಬಂದಾಗ ಮುಗೀತು, ನಿಮ್ಮದ್ರಲ್ಲಿ ಬರೆದದ್ದೇ ನೋಡಿ. ಅಂಚಿನಲ್ಲಿ ಸವೆಯದೆ ಉಳಿದ ಏಣು ಇರ್ತದಲ್ಲ, ವರ್ನಿಯರ್ (ದಪ್ಪ ಅಳೆಯುವ ಟೂಲ್) ಅದರ ಮೇಲೆ ಕೂತು ಸುಳ್ಳು ಹೇಳ್ತದೆ. ಎರಡೂ ಬದಿ ಒಂದೊಂದು ನಾಣ್ಯ ಇಟ್ಟು ಅಳೆದು, ಆಮೇಲೆ ನಾಣ್ಯದ ದಪ್ಪ ಕಳೀರಿ. ಇಷ್ಟು ತೆಳು ಡಿಸ್ಕನ್ನು ಲೇತಿನಲ್ಲಿ ಕೆರೆದು ಸಮ ಮಾಡ್ಸುದ್ರಲ್ಲಿ ನನಗೆ ನಂಬಿಕೆ ಇಲ್ಲ, ಹೊಸತು ಹಾಕುದಾದ್ರೆ ಎರಡೂ ಕಡೆ ಹಾಕಿ, ಡಿಸ್ಕ್ ಕೂರುವ ಹಬ್ಬಿನ (ಚಕ್ರದ ನಡುವಿನ ಭಾಗದ) ತುಕ್ಕು ತೆಗೆದು ಕೂರ್ಸಿ.

ಎಲ್ಲ ಕಟ್ಟಿದ ಮೇಲೆ ಕಾರು ತೆಗೆಯುವ ಮೊದಲು ಬ್ರೇಕ್ ಪೆಡಲ್ ಗಟ್ಟಿ ಆಗುವ ತನಕ ಪಂಪ್ ಮಾಡಿ, ಇಲ್ಲದಿದ್ರೆ ಮೊದಲ ಸಲ ಒತ್ತಿದಾಗ ಪೆಡಲ್ ಸೀದಾ ನೆಲಕ್ಕೆ ಹೋಗ್ತದೆ, ಎದುರು ಗೇಟ್ ಇದ್ರೆ ಗೇಟಿಗೆ. ಕೇಬಲ್ ನಟ್ಟು ಟೈಟ್ ಮಾಡುದು ಎಲ್ಲಕ್ಕಿಂತ ಕೊನೆಗೆ, ಕ್ಯಾಲಿಪರಿನ ಲಿವರ್ ಸ್ಟಾಪಿಂದ ಏಳದಷ್ಟೇ. ಆಮೇಲೆ ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಲಿಕ್ಕೆ ಖಾಲಿ ರಸ್ತೆಯಲ್ಲಿ ಸ್ಪೀಡನ್ನು 60ರಿಂದ 20ಕ್ಕೆ ಮಧ್ಯಮ ಬ್ರೇಕ್ ಒತ್ತಿ ಇಳ್ಸುದು, ಎಂಟು ಹತ್ತು ಸಲ, ಪೂರ್ತಿ ನಿಲ್ಸದೆ.

ಮಳೆಗಾಲದಲ್ಲಿ ಕಾರು ನಾಲ್ಕು ದಿನ ನಿಲ್ಲುದಾದ್ರೆ ಹ್ಯಾಂಡ್ ಬ್ರೇಕ್ ಎಳೆದು ಬಿಡ್ಬೇಡಿ, ಪ್ಯಾಡ್ ಡಿಸ್ಕಿಗೆ ಅಂಟಿಕೊಳ್ತದೆ. ಸಮ ಜಾಗ ನೋಡಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ರಾತ್ರಿ ಬೆಳಗಾಗುದ್ರೊಳಗೆ ಡಿಸ್ಕಿನ ಮೇಲೆ ಬರುವ ಕೇಸರಿ ತುಕ್ಕಿಗೆ ಹೆದರ್ಬೇಡಿ, ನಾಲ್ಕು ಸಲ ಬ್ರೇಕ್ ಒತ್ತಿದ್ರೆ ಹೋಗ್ತದೆ. ಹೋಗದೆ ಗುಂಡಿ ಗುಂಡಿ ಉಳಿದ್ರೆ ಆ ಕಡೆ ಪ್ಯಾಡ್ ಸರಿಯಾಗಿ ಕೂರ್ತಾನೇ ಇಲ್ಲ, ಮತ್ತೆ ಪಿನ್ ನೋಡಿ.

ಕೆಲಸ ಮಾಡ್ಸಿ 500 ಕಿಲೋಮೀಟರ್ ಆದ ಮೇಲೆ ಆ ಕೈ ಹಿಡಿಯುವ ಪರೀಕ್ಷೆ ಇನ್ನೊಮ್ಮೆ ಮಾಡಿದೆ, ಎರಡೂ ಕಡೆ ಒಂದೇ ಬಿಸಿ. ಹ್ಯಾಂಡ್ ಬ್ರೇಕ್ ಈಗ ಆರನೇ ಕಿಟಕ್‌ಗೆ ಹಿಡಿಯುದು, ಮೊನ್ನೆ ಸರ್ವಿಸಿಗೆ ಕೊಟ್ಟಾಗ ಹುಡುಗ "ಸರ್, ಟೈಟ್ ಮಾಡುದಾ?" ಅಂತ ಕೇಳಿದ, ಮುಟ್ಟಬೇಡ ಅಂದೆ.