ಪೆರ್ಲದ ಮನೆಗೆ ಇನ್ನೊಂದು ಸುರಂಗ

ನಮ್ಮ ಕಾಸರಗೋಡಿನ ಪೆರ್ಲದ ಕಡೆ ಸುರಂಗ ಎಂದರೆ ನೀರು. ಮನೆಯ ಹಿಂದಿನ ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಅಜ್ಜನ ಕಾಲದಲ್ಲಿ ಮಾಡಿದ್ದೊಂದಿದೆ. ಒಬ್ಬ ಬಗ್ಗಿ ಹೋಗುವಷ್ಟೇ ಅಗಲ. ಪಂಪು ಬೇಡ, ನೀರು ತಾನಾಗಿ ಇಳಿದು ಅಂಗಳದ ಟಾಂಕಿಗೆ ಬೀಳುತ್ತದೆ. ನಾನು ಹೇಳಹೊರಟದ್ದು ಅದೇ ಮನೆಗೆ ತೋಡಿದ ಇನ್ನೊಂದು ಸುರಂಗದ ವಿಷಯ: ದೂರದೂರಿನಿಂದ ಫೋನಿನಲ್ಲೇ ಮನೆಯ ಕಂಪ್ಯೂಟರನ್ನು ತಲುಪಲು ಇಂಟರ್ನೆಟ್ಟಿನೊಳಗೆ ಮಾಡಿದ ದಾರಿ.

ಅಪ್ಪ ಟೇಪ್‌ರೆಕಾರ್ಡರ್ ಹೆಗಲಿಗೆ ಹಾಕಿಕೊಂಡು ತಾಳಮದ್ದಳೆಗಳಿಗೆ ಹೋಗುತ್ತಿದ್ದವರು. ಆ ಕ್ಯಾಸೆಟ್‌ಗಳನ್ನೆಲ್ಲ ಮನೆಯ ವಿಂಡೋಸ್ ಕಂಪ್ಯೂಟರಿಗೆ ಇಳಿಸಿದ್ದೇನೆ. ಜಾಗದ ಕಡತಗಳು, ಅಡಿಕೆಯ ಲೆಕ್ಕ ಕೂಡ ಅದರಲ್ಲೇ ಇವೆ. ವಾರವಿಡೀ ನಾನು ಮಂಗಳೂರಿನಲ್ಲಿ, ತಮ್ಮ ಬೆಂಗಳೂರಿನಲ್ಲಿ. ರೌಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪಿನ (ದೂರದಿಂದ ಕಂಪ್ಯೂಟರ್ ನಡೆಸುವ ವಿಂಡೋಸಿನ ಸೌಲಭ್ಯ) 3389ನೇ ಪೋರ್ಟನ್ನು, ಅಂದರೆ ಒಳಬರುವ ಬಾಗಿಲನ್ನು, ತೆರೆದುಬಿಡಿ, ಸಾಕು ಎಂದು ಪರಿಚಯದವರೊಬ್ಬರು ಹೇಳಿದ್ದರು. ದಯವಿಟ್ಟು ಹಾಗೆ ಮಾಡಬೇಡಿ. ಹಾಗೆ ತೆರೆದ ಬಾಗಿಲುಗಳನ್ನು ಹಗಲೂ ರಾತ್ರಿ ಹುಡುಕುವ ಯಂತ್ರಗಳು ಇಂಟರ್ನೆಟ್ಟಿನ ತುಂಬ ಇವೆ.

ನಾನು ಬಳಸಿದ್ದು ವೈರ್‌ಗಾರ್ಡ್ ಎಂಬ ವಿಪಿಎನ್, ಅಂದರೆ ಇಂಟರ್ನೆಟ್ಟಿನ ಮೂಲಕ ಎರಡು ಯಂತ್ರಗಳ ನಡುವೆ ಗುಟ್ಟಿನ ಸುರಂಗ (ಟನಲ್) ಮಾಡುವ ತಂತ್ರಾಂಶ. ಜೇಸನ್ ಡೊನೆನ್‌ಫೆಲ್ಡ್ ಬರೆದದ್ದು, ಉಚಿತ. 2020ರ ಮಾರ್ಚಿನಲ್ಲಿ ಬಂದ ಲಿನಕ್ಸಿನ ತಿರುಳಾದ ಕರ್ನೆಲ್ 5.6ರಲ್ಲಿ ಇದನ್ನು ಸೇರಿಸಿಕೊಂಡರು. ವಿಂಡೋಸ್, ಆಂಡ್ರಾಯ್ಡ್, ಐಫೋನ್ ಎಲ್ಲಕ್ಕೂ ಆ್ಯಪ್ ಇದೆ.

ಇಳಿಸಿಕೊಳ್ಳುವ ಮೊದಲೇ ಒಂದು ವಿಷಯ ನೋಡಿಕೊಳ್ಳಿ. ರೌಟರಿನ ಸೆಟ್ಟಿಂಗ್ಸ್ ಪುಟದಲ್ಲಿ ವ್ಯಾನ್ ಐಪಿ ಎಂದು ಒಂದು ವಿಳಾಸ ಇರುತ್ತದೆ, ಹೊರಗಿನ ಜಾಲದ ಕಡೆಗೆ ರೌಟರಿನ ವಿಳಾಸ ಅದು. ‘ನನ್ನ ಐಪಿ ಏನು’ ಎಂದು ಗೂಗಲಿನಲ್ಲಿ ಕೇಳಿದರೆ ಸಿಗುವ ವಿಳಾಸವೂ ಅದೂ ಒಂದೇ ಇರಬೇಕು. ಆದರೆ ನಮ್ಮ ವ್ಯಾನ್ ಐಪಿ ಆಗ 100.64ರಿಂದ 100.127ರ ಒಳಗಿನದಾಗಿತ್ತು. ಅಂದರೆ ಇಂಟರ್ನೆಟ್ ಕಂಪನಿಯವರು ಒಂದೇ ಹೊರ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದಾರೆ ಎಂದರ್ಥ. ಹೀಗಿದ್ದರೆ ನೀವು ಎಷ್ಟು ಸರಿಯಾಗಿ ಮಾಡಿದರೂ ಹೊರಗಿನಿಂದ ಆ ವಿಳಾಸದ ಮೂಲಕ ನೇರವಾಗಿ ಮನೆಗೆ ಬರಲು ದಾರಿ ಇರುವುದಿಲ್ಲ. ಇದು ಗೊತ್ತಿಲ್ಲದೆ ನಾನು ಎರಡು ಭಾನುವಾರ ಕಳೆದೆ. ಕೊನೆಗೆ ಕೇಬಲಿನವರಿಗೆ ಫೋನು ಮಾಡಿ ಸ್ಟ್ಯಾಟಿಕ್ ಐಪಿ, ಅಂದರೆ ನಮ್ಮ ಮನೆಗೇ ಮೀಸಲಾದ, ಬದಲಾಗದ ಹೊರ ವಿಳಾಸ ಬೇಕೆಂದು ಕೇಳಿದೆ. ಹೆಚ್ಚುವರಿ ದುಡ್ಡು ತೆಗೆದುಕೊಂಡು ಕೊಟ್ಟರು.

ಈಗ ಕಂಪ್ಯೂಟರಿನ ಕೆಲಸ. ವೈರ್‌ಗಾರ್ಡಿನ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ತೆರೆದ ಮೇಲೆ ಕೆಳಗೆ ‘ಆ್ಯಡ್ ಟನಲ್’ ಪಕ್ಕದ ಬಾಣ ಒತ್ತಿ ‘ಆ್ಯಡ್ ಎಂಪ್ಟಿ ಟನಲ್’ ಆರಿಸಿ. ಒಂದು ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಮೇಲ್ಗಡೆ ಪಬ್ಲಿಕ್ ಕೀ (ಇನ್ನೊಂದು ಯಂತ್ರಕ್ಕೆ ಕೊಡುವ ಗುರುತು), ಒಳಗೆ ಪ್ರೈವೇಟ್ ಕೀ (ಗುಟ್ಟಿನ ಕೀಲಿ), ಎರಡೂ ತಾವಾಗಿಯೇ ಬಂದಿರುತ್ತವೆ. ತಲಾ 44 ಅಕ್ಷರ, ಕೊನೆಗೊಂದು ಸಮ ಚಿಹ್ನೆ. ಎಲ್ಲಕ್ಕಿಂತ ಮುಖ್ಯವಾದ ಮಾತು ಇಲ್ಲಿದೆ: ಪ್ರೈವೇಟ್ ಕೀ ಹುಟ್ಟಿದ ಯಂತ್ರವನ್ನು ಬಿಟ್ಟು ಎಲ್ಲಿಗೂ ಹೋಗಬಾರದು. ವಾಟ್ಸಾಪಿಗೆ ಬೇಡ, ಸ್ಕ್ರೀನ್‌ಶಾಟೂ ಬೇಡ. ಪಬ್ಲಿಕ್ ಕೀಯನ್ನು ಮಾತ್ರ ಯಾವ ಹೆದರಿಕೆಯೂ ಇಲ್ಲದೆ ಕಳಿಸಬಹುದು. ತಮ್ಮನ ಕೀ ನನಗೆ ಬಂದದ್ದು ವಾಟ್ಸಾಪಿನಲ್ಲೇ.

ಪ್ರೈವೇಟ್ ಕೀಯ ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು ಸೇರಿಸಿ. ‘ಅಡ್ರೆಸ್’ ಎದುರು 10.77.0.1/24, ‘ಲಿಸನ್‌ಪೋರ್ಟ್’ ಎದುರು 51820. ಇಲ್ಲಿ 192.168.1 ಎಂದು ಶುರುವಾಗುವ ವಿಳಾಸ ಕೊಡಬೇಡಿ. ಮಂಗಳೂರಿನ ನನ್ನ ರೂಮಿನ ರೌಟರೂ ಅದನ್ನೇ ಹಂಚುತ್ತದೆ. ಎರಡೂ ಕಡೆ ಒಂದೇ ಆದರೆ ದಾರಿ ತಪ್ಪುತ್ತದೆ.

ಇನ್ನು ಫೋನು. ಆ್ಯಪ್‌ನಲ್ಲಿ ಹೊಸದಾಗಿ ಒಂದು ಟನಲ್ ಮಾಡಿ, ಅಲ್ಲೇ ಕೀ ಹುಟ್ಟಿಸಿ, ವಿಳಾಸ 10.77.0.2/32 ಎಂದು ಕೊಡಿ. ‘ಪಿಯರ್’ (ಸುರಂಗದ ಆಚೆ ತುದಿಯ ಯಂತ್ರ) ಭಾಗದಲ್ಲಿ ಕಂಪ್ಯೂಟರಿನ ಪಬ್ಲಿಕ್ ಕೀ ಹಾಕಿ. ‘ಎಂಡ್‌ಪಾಯಿಂಟ್’ ಎಂದಿರುವಲ್ಲಿ ಮನೆಯ ಹೊರ ವಿಳಾಸ, ಕೋಲನ್, 51820. ‘ಅಲೌಡ್ ಐಪೀಸ್’ (ಸುರಂಗದ ಮೂಲಕ ಹೋಗಬೇಕಾದ ವಿಳಾಸಗಳು) ಎದುರು 10.77.0.1/32 ಮಾತ್ರ. ಹಲವರು ಇಲ್ಲಿ 0.0.0.0/0 ಹಾಕುತ್ತಾರೆ. ಆಗ ಫೋನಿನ ಇಡೀ ಇಂಟರ್ನೆಟ್ ಸುರಂಗದೊಳಗೆ ನುಗ್ಗಿ ಮನೆಯ ಕಂಪ್ಯೂಟರಿನಲ್ಲಿ ನಿಂತುಬಿಡುತ್ತದೆ, ಫೋನಿನಲ್ಲಿ ಒಂದು ಪುಟವೂ ತೆರೆಯುವುದಿಲ್ಲ. ನಮಗೆ ಬೇಕಾದದ್ದು ಒಂದು ಕಂಪ್ಯೂಟರು, ಅಷ್ಟಕ್ಕೇ ದಾರಿ ಕೊಡಿ. ಕಂಪ್ಯೂಟರಿನಲ್ಲೂ ಹಾಗೆಯೇ ಒಂದು ಪಿಯರ್ ಭಾಗ ಬರೆದು ಫೋನಿನ ಪಬ್ಲಿಕ್ ಕೀ ಮತ್ತು 10.77.0.2/32 ಹಾಕಿ ಉಳಿಸಿ, ‘ಆ್ಯಕ್ಟಿವೇಟ್’ ಒತ್ತಿ.

ರೌಟರಿನಲ್ಲಿ ಕಂಪ್ಯೂಟರಿಗೆ ಒಂದೇ ಒಳ ವಿಳಾಸವನ್ನು ಕಾಯಂ ಮಾಡಿ, 51820ನೇ ಪೋರ್ಟಿಗೆ ಬಂದದ್ದನ್ನು ಅದಕ್ಕೆ ಫಾರ್ವರ್ಡ್ ಮಾಡಿ (ದಾಟಿಸಿ). ಮಾಹಿತಿ ಕಳಿಸುವ ಎರಡು ವಿಧಾನಗಳಲ್ಲಿ ಟಿಸಿಪಿ ಅಲ್ಲ, ಯುಡಿಪಿ ಆಯ್ದುಕೊಳ್ಳಿ. ಹೊರಗಿನಿಂದ ಬರುವುದನ್ನು ತಡೆಯುವ ವಿಂಡೋಸ್ ಫೈರ್‌ವಾಲಿನಲ್ಲೂ ಒಳಬರುವ ಯುಡಿಪಿ 51820ಕ್ಕೆ ಅನುಮತಿ ಕೊಡಿ. ಪೋರ್ಟ್ ತೆರೆದಿದೆಯೇ ಎಂದು ಪರೀಕ್ಷಿಸುವ ತಾಣಗಳು ಸಾಮಾನ್ಯವಾಗಿ ‘ತೆರೆದಿಲ್ಲ’ ಎಂದೇ ಹೇಳುತ್ತವೆ. ಗುರುತಿಲ್ಲದ ಕೀಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ. ಹೊರಗಿನಿಂದ ಬಡಿದವನಿಗೆ ಬಾಗಿಲು ಇದೆ ಎಂದೇ ತಿಳಿಯುವುದಿಲ್ಲ. ನನಗೆ ತುಂಬ ಹಿಡಿಸಿದ ಗುಣ ಅದು.

ಪರೀಕ್ಷೆಗೆ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲೇ ನೋಡಬೇಕು. ನಮ್ಮಲ್ಲಿ ಸಿಗ್ನಲ್ ಸಿಗುವುದು ಅಂಗಳದ ಮೂಲೆಯ ತೆಂಗಿನ ಬುಡದಲ್ಲಿ. ಅಲ್ಲಿ ನಿಂತು ಆ್ಯಪ್‌ನ ಸ್ವಿಚ್ ಒತ್ತಿ, ಬ್ರೌಸರಿನಲ್ಲಿ 10.77.0.1 ತೆರೆಯಲು ನೋಡಿದೆ. ಕಳಿಸಿದ್ದರ ಲೆಕ್ಕ ಏರುತ್ತಿತ್ತು, ಬಂದದ್ದು ಸೊನ್ನೆಯಲ್ಲೇ ಇತ್ತು. ಹೀಗಾದರೆ ಕೀ, ಪೋರ್ಟ್, ಫೈರ್‌ವಾಲ್ ಮೂರನ್ನೂ ಮತ್ತೊಮ್ಮೆ ನೋಡಿ. ನನ್ನದರಲ್ಲಿ ಕೀಯ ಕೊನೆಯ ಸಮ ಚಿಹ್ನೆ ನಕಲು ಮಾಡುವಾಗ ಬಿಟ್ಟುಹೋಗಿತ್ತು ಎಂದುಕೊಂಡು ಹೋಗಿ ನೋಡಿದರೆ ಕೀ ಸರಿಯೇ ಇತ್ತು. ರೌಟರಿನಲ್ಲಿ ಟಿಸಿಪಿ ಎಂದು ಕೂತಿತ್ತು. ಬದಲಿಸಿ ಬಂದು ಮತ್ತೆ ಹಾಗೆಯೇ ಮಾಡಿದಾಗ ಕಂಪ್ಯೂಟರಿನ ಪರದೆಯಲ್ಲಿ ‘ಲೇಟೆಸ್ಟ್ ಹ್ಯಾಂಡ್‌ಶೇಕ್’ ಎಂಬ ಸಾಲು ಮೂಡಿತು. ಅದು ಬಂತೆಂದರೆ ಸುರಂಗ ಕೂಡಿದೆ.

ಫೋಲ್ಡರನ್ನು ಹಂಚುವಾಗ ಪಾಸ್‌ವರ್ಡ್ ಇರಲಿ, ಓದಲು ಮಾತ್ರ ಅನುಮತಿ ಇರಲಿ. ಫೈರ್‌ವಾಲಿನಲ್ಲಿ ಫೈಲ್ ಹಂಚಿಕೆಯ ನಿಯಮಕ್ಕೆ 10.77.0ರ ವಿಳಾಸಗಳನ್ನಷ್ಟೇ ಸೇರಿಸಿ. ಫೋನಿನ ಫೈಲ್ ಆ್ಯಪ್‌ನಲ್ಲಿ 10.77.0.1 ಎಂದು ಕೊಟ್ಟರೆ ಅಪ್ಪನ ಕ್ಯಾಸೆಟ್‌ಗಳ ಪಟ್ಟಿ ತೆರೆದುಕೊಳ್ಳುತ್ತದೆ.

ಮಳೆಗಾಲದ ಮಾತು ಬೇರೆ. ಗುಡುಗು ಶುರುವಾದ ಕೂಡಲೇ ಅಬ್ಬೆ (ಅಮ್ಮ) ರೌಟರಿನ ಪ್ಲಗ್ಗನ್ನೂ ಹೊರಗಿನಿಂದ ಬರುವ ವಯರನ್ನೂ ಕಿತ್ತಿಡುತ್ತಾರೆ, ಅದೇ ಸರಿ. ನಾನು ಫೋನು ಮಾಡಿದರೆ “ಕರೆಂಟು ಹೋಯಿದು, ಇನ್ನೂ ಬೈಂದಿಲ್ಲೆ” ಎನ್ನುತ್ತಾರೆ. ಕರೆಂಟು ಬಂದಾಗ ಕಂಪ್ಯೂಟರ್ ತಾನಾಗಿ ಏಳುವ ಹಾಗೆ ಬಯಾಸಿನಲ್ಲಿ (ವಿಂಡೋಸಿಗೂ ಮೊದಲು ಶುರುವಾಗುವ ಕಂಪ್ಯೂಟರಿನ ಮೂಲ ಸೆಟ್ಟಿಂಗ್ಸ್) ಒಂದು ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಿಡಿ. ಸ್ಲೀಪ್ ಆಗದ ಹಾಗೂ ಮಾಡಿ. ಚಾಲೂ ಇದ್ದ ಟನಲ್ ಮರಳಿ ತಾನೇ ಶುರುವಾಗುತ್ತದೆ.

ಪ್ರತಿ ಫೋನಿಗೂ ಬೇರೆ ಕೀ, ಬೇರೆ ವಿಳಾಸ ಕೊಡಿ. ತಮ್ಮನದು 10.77.0.3. ಬೆಂಗಳೂರಿನ ಬಸ್ಸಿನಲ್ಲಿ ಅವನ ಫೋನು ಹೋದ ದಿನ ನಾನು ಮನೆಯಲ್ಲೇ ಇದ್ದೆ. ಕಂಪ್ಯೂಟರಿನಲ್ಲಿ ಅವನ ಪಿಯರ್ ಭಾಗದ ಮೂರು ಸಾಲು ಅಳಿಸಿದೆ, ಕಳ್ಳನ ಪಾಲಿಗೆ ದಾರಿ ಮುಚ್ಚಿತು. ಹೊಸ ಫೋನು ಕೊಂಡ ಮೇಲೆ ಅವನು ಹೊಸ ಪಬ್ಲಿಕ್ ಕೀ ಕಳಿಸಿದ. ರಾತ್ರಿ ಊಟ ಮುಗಿಸಿ ಸೇರಿಸಿದೆ.