ಹುಣಸೆ ಬೀಜದಲ್ಲಿ ಕಾಮಕುರ

ಜಪಾನಿನ ಊಳಿಗಮಾನ್ಯ ಪದ್ಧತಿಯನ್ನು ಆಟವಾಡಿಸಿ ಕಲಿಸುತ್ತೇನೆ ಎಂದಾಗ ನಮ್ಮ ವಿಭಾಗದಲ್ಲಿ ನಕ್ಕವರೇ ಹೆಚ್ಚು. ಮೊದಲ ವರ್ಷ ನಗುವಂತೆಯೇ ಆಯಿತು. ರಟ್ಟಿನ ಕತ್ತಿ, ಫ್ಲೆಕ್ಸ್ ಭೂಪಟ ಎಂದು ಕೈಯಿಂದ ಎರಡು ಸಾವಿರದಷ್ಟು ಹೋಯಿತು. ಹುಡುಗರು ಕತ್ತಿ ಬೀಸಿದರು. ಶ್ರೀಮಂತರ, ದೇವಾಲಯಗಳ ಹೆಸರಿನ ಜಮೀನಾದ ಶೋಯೆನ್ ಎಂದರೇನೆಂದು ಒಬ್ಬನಿಗೂ ತಿಳಿಯಲಿಲ್ಲ.

ಮರುವರ್ಷ ಚನ್ನೆಮಣೆ ತಂದೆ. ಅದೂ ಕೈಕೊಟ್ಟಿತು. ಚನ್ನೆಮಣೆಯ ಗುಳಿಗೆ ಒಬ್ಬನೇ ಒಡೆಯ; ಶೋಯೆನ್ ಗದ್ದೆಗಾದರೋ ರಾಜಧಾನಿ ಕ್ಯೋತೋದ ಶ್ರೀಮಂತ, ದೇವಾಲಯ, ಮೇಲ್ವಿಚಾರಕ, ಯೋಧರ ಸರ್ಕಾರ ನೇಮಿಸಿದ ಅಧಿಕಾರಿ ಜಿತೋ ಎಲ್ಲರೂ ಹಕ್ಕುದಾರರು. ನೆಲವನ್ನು ಬಿಟ್ಟು ಕಣದ ರಾಶಿಯನ್ನು ಹಂಚಿಸಬೇಕು ಎಂದು ಹೊಳೆಯಲು ನನಗೆ ಒಂದು ಬೇಸಿಗೆ ರಜೆಯೇ ಹಿಡಿಯಿತು.

ಈಗ ಒಂದೊಂದು ಶೋಯೆನ್‌ಗೆ ಒಂದು ಸ್ಟೀಲ್ ತಟ್ಟೆ, ಅದರ ತುಂಬ ಹುಣಸೆ ಬೀಜ. ಖರ್ಚಿಲ್ಲ, ಎಲ್ಲ ಅಡುಗೆಮನೆಯದು. 1221ರ ಜೋಕ್ಯೂ ಯುದ್ಧದ ಸುತ್ತಿನಲ್ಲಿ ಸೋತ ಕ್ಯೋತೋ ಆಸ್ಥಾನದವರ ತಟ್ಟೆಗಳು ಯೋಧರ ಸರ್ಕಾರವಿದ್ದ ಕಾಮಕುರದ ಕೈಸೇರುತ್ತವೆ. ಆಗ ವಶವಾದ ಶೋಯೆನ್‌ಗಳು ಸುಮಾರು 3000. ಹೊಸ ಜಿತೋಗೆ 11 ಚೋ (ನೆಲದ ಅಳತೆ) ಗದ್ದೆಗೆ ಒಂದು ಚೋ ಎಂಬ ದರವಿತ್ತಲ್ಲ, ಅದನ್ನೇ 11 ಬೀಜಕ್ಕೆ ಒಂದು ಎಂದಿಟ್ಟೆ. ಎರಡು ಸುತ್ತಿನೊಳಗೆ ಹುಡುಗರು ಎರಡು, ಮೂರು ಎತ್ತತೊಡಗಿದರು. ತಡೆಯಲಿಲ್ಲ; ನಿಜವಾದ ಜಿತೋಗಳೂ ಹಾಗೆಯೇ ಕಬಳಿಸಿದವರು.

1274, 1281ರ ಮಂಗೋಲರ ದಾಳಿಯ ಸುತ್ತಿನಲ್ಲಿ ಗೆದ್ದರೂ, ವಶಪಡಿಸಿಕೊಳ್ಳಲು ನೆಲವಿಲ್ಲದ್ದರಿಂದ, ಹೊಸ ತಟ್ಟೆ ಬರುವುದಿಲ್ಲ. ಆ ಯುದ್ಧದಲ್ಲಿ ಕಾದಿದ ಸಮುರಾಯ್ ತಕೆಝಾಕಿ ಸುಯೆನಾಗ ಕುದುರೆ, ಜೀನು ಮಾರಿಕೊಂಡು ಬಹುಮಾನ ಕೇಳಲು ಕಾಮಕುರಕ್ಕೆ ಹೋದ ಕಥೆಯನ್ನು ಆಗ ಹೇಳುತ್ತೇನೆ. ಅವನಿಗೇನೋ ಸಿಕ್ಕಿತು, ಬಹಳ ಜನಕ್ಕೆ ಸಿಗಲಿಲ್ಲ. ಕಾಮಕುರದ ಆಡಳಿತ ಆಗ ಹೋಜೋ ಮನೆತನದ ಕೈಯಲ್ಲಿತ್ತು. ಕಳೆದ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ್, ಕೊಡಲು ಬೀಜವೇ ಇಲ್ಲದ ಹೋಜೋ ಮಾತನ್ನು ನಾನೇಕೆ ಕೇಳಬೇಕು?" ಎಂದಳು. ವಿಭಾಗದಲ್ಲಿ ಅಂದು ನಕ್ಕವರಲ್ಲಿ ಇಬ್ಬರು ಆಗ ಬಾಗಿಲಲ್ಲೇ ನಿಂತಿದ್ದರು! ಹೋಜೋ ಪಾತ್ರಕ್ಕೆ ಯಾರನ್ನು ಆರಿಸುತ್ತೇನೆ ಎಂಬುದರಲ್ಲಿ ಅರ್ಧ ಗುಟ್ಟಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ನಡುವೆ ಆಸ್ತಿ ಪಾಲನ್ನೂ ಆಡಿಸಿದೆ. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೂ ಪಾಲಿತ್ತು. ಎಲ್ಲ ಮಕ್ಕಳಿಗೂ ಹಂಚಿದಾಗ 40 ಬೀಜ ಮೂರನೆಯ ತಲೆಗೆ ಒಂದೋ ಎರಡೋ ಆಯಿತು. ಒಬ್ಬನಿಗೇ ಕೊಟ್ಟಾಗ ತಮ್ಮಂದಿರು ಅಣ್ಣನ ಹಿಂದೆ ಕೈಕಟ್ಟಿ ನಿಂತರು.

ಈ ವರ್ಷ 1352ರ ಆಜ್ಞೆಯನ್ನು, ಅಂದರೆ ಯುದ್ಧದ ಖರ್ಚಿಗೆಂದು ಪ್ರಾಂತ್ಯದ ಸೇನಾಧಿಕಾರಿ ಶುಗೋ ಅರ್ಧ ರಾಶಿ ಎತ್ತುವುದನ್ನು, ಸೇರಿಸಿದೆ. ಹತ್ತೇ ನಿಮಿಷದಲ್ಲಿ ಕ್ಯೋತೋದವರಿಗೆ ಬೀಜವೇ ಉಳಿಯಲಿಲ್ಲ. ಅಷ್ಟು ಬೇಗ ಮುಗಿಯಬಾರದು. ಅಳತೆ ಎಲ್ಲೋ ತಪ್ಪಿದೆ, ಇನ್ನೂ ತಿದ್ದುತ್ತಿದ್ದೇನೆ.